ವಸ್ಫಿ ಮೇಷ್ಟ್ರ ಕೆಂಪು ಬಾವುಟ

ಸಾಲ್ತ್ ಪಟ್ಟಣದ ವಸ್ಫಿ ಮೇಷ್ಟ್ರು ತಮ್ಮ ಆಯುಷ್ಯದಲ್ಲಿ ನೋಡಿದಷ್ಟು ಹೆಬ್ಬೆರಳುಗಳನ್ನು ಚಪ್ಪಲಿ ಅಂಗಡಿಯವನೂ ನೋಡಿರಲಾರ. ಉದ್ದ ಜಿಗಿತದಲ್ಲಿ ಓಡಿ ಬಂದವನು ಕಾಲೂರಿ ಹಾರುವ ಬಿಳಿ ಹಲಗೆಯೊಂದಿರುತ್ತದಲ್ಲ, ಅದರ ಪಕ್ಕ ಕುರ್ಚಿ ಹಾಕಿಕೊಂಡು ಕೂರುವುದು ಅವರ ಕೆಲಸ. ಹಲಗೆಯ ಮುಂದಂಚಿಗೆ ಮೆದು ಮೇಣದ ಪಟ್ಟಿ ಇರುತ್ತದೆ. ಹಾರುವವನ ಬೂಟಿನ ತುದಿ ಆ ಮೇಣದಲ್ಲಿ ಗುರುತು ಬಿಟ್ಟರೆ ಕೆಂಪು ಬಾವುಟ, ಬಿಡದಿದ್ದರೆ ಬಿಳಿ. ಗೆದ್ದವನ ಹೆಸರು ಪತ್ರಿಕೆಯಲ್ಲಿ ಬರುತ್ತದೆ, ಸೋತವನ ಹೆಸರು ಅವನ ತಾಯಿಗಾದರೂ ನೆನಪಿರುತ್ತದೆ. ಹಲಗೆಯ ಪಕ್ಕ ಕೂತವನ ಹೆಸರನ್ನು ಜನ ವಿಚಾರಿಸುವುದು ಒಂದೇ ಕಾರಣಕ್ಕೆ, ಬೈಯುವುದಕ್ಕೆ.

ಮೂವತ್ತೆರಡು ವರ್ಷ ಅವರು ಗಂಡುಮಕ್ಕಳ ಶಾಲೆಯಲ್ಲಿ ವ್ಯಾಯಾಮದ ಮೇಷ್ಟ್ರಾಗಿದ್ದರು. ಗುಡ್ಡದ ಇಳಿಜಾರಿನಲ್ಲಿ ಕಟ್ಟಿದ ಆ ಊರಿನಲ್ಲಿ ಸಮತಟ್ಟಾದ ಜಾಗವೆಂದರೆ ಶಾಲೆಯ ಅಂಗಳ ಮತ್ತು ಸ್ಮಶಾನ, ಎರಡೇ. ಅಂಗಳದಲ್ಲಿ ಅವರು ಎರಡು ತಲೆಮಾರಿನ ಹುಡುಗರನ್ನು ಓಡಿಸಿದರು. ಶಾಲೆಯ ಕ್ರೀಡಾದಿನ ಏಳನೇ ತರಗತಿಯ ಒಬ್ಬ ಹುಡುಗ ಎಲ್ಲರಿಗಿಂತ ಒಂದು ಗೇಣು ಮುಂದೆ ಹಾರಿದಾಗ ಮೇಷ್ಟ್ರು ಕೆಂಪು ಬಾವುಟ ಎತ್ತಿದರು. ಹುಡುಗ ಅವರ ಹಿರಿಯ ಮಗ ಗಾಲಿಬ್. ಅವನು ಎರಡು ತಿಂಗಳು ಅಪ್ಪನ ಜೊತೆ ಮಾತು ಬಿಟ್ಟ. ಈಗ ಅವನಿಗೇ ಇಬ್ಬರು ಮಕ್ಕಳು, ಆದರೂ ಊಟಕ್ಕೆ ಕೂತಾಗ ತಿಂಗಳಿಗೊಮ್ಮೆಯಾದರೂ ಆ ಮಾತು ತಟ್ಟೆಯ ಮೇಲೆ ಬಂದು ಬೀಳುತ್ತದೆ.

ಕಾರು ಓಡಿಸುವ ಪರವಾನಗಿಯ ಕತೆಯೂ ಹಾಗೇ. ಪರೀಕ್ಷೆ ಮುಗಿದು, ಅಧಿಕಾರಿ ಮೊಹರು ಒತ್ತಲು ಕೈ ಎತ್ತಿದ್ದ. ಮೇಷ್ಟ್ರು ಹೇಳಿದರು, "ಹಿಂದಿನ ಎಡಗಡೆ ಚಕ್ರ ಗೆರೆ ತುಳೀತು ಸ್ವಾಮಿ, ನೀವು ಆ ಕಡೆ ನೋಡ್ತಿದ್ರಿ." ಅಧಿಕಾರಿ ಅವರನ್ನು ನಪಾಸು ಮಾಡಿದ. ಗೆರೆ ತುಳಿದದ್ದಕ್ಕಲ್ಲ, ಅಧಿಕಾರಿ ನೋಡಲಿಲ್ಲವೆಂದು ಹೇಳಿದ್ದಕ್ಕೆ. ಅಂದಿನಿಂದ ಮೇಷ್ಟ್ರು ಬಸ್ಸಿನಲ್ಲೇ ಓಡಾಡುತ್ತಾರೆ. ಅವರ ಹೆಂಡತಿ ನಜಾ, ಐದು ಹೊತ್ತಿನ ನಮಾಜು ತಪ್ಪಿಸದ ಹೆಂಗಸು, ಸತ್ಯವಂತ ಗಂಡನನ್ನು ಕೊಟ್ಟದ್ದಕ್ಕೆ ಅಲ್ಲಾಹನಿಗೆ ಕೃತಜ್ಞತೆ ಸಲ್ಲಿಸುತ್ತಾಳೆ. ಕೈತುಂಬ ತರಕಾರಿ ಚೀಲ ಹಿಡಿದು ಬಸ್ ನಿಲ್ದಾಣದಿಂದ ಇನ್ನೂರ ಹತ್ತು ಮೆಟ್ಟಿಲು ಹತ್ತುವಾಗ ಮಾತ್ರ ಆ ಕೃತಜ್ಞತೆಯನ್ನು ಸ್ವಲ್ಪ ಹೊತ್ತು ಮುಂದೂಡುತ್ತಾಳೆ.

ಆ ಬೇಸಿಗೆ ಅರಬ್ ರಾಷ್ಟ್ರಗಳ ಕ್ರೀಡಾಕೂಟ ರಾಜಧಾನಿ ಅಮ್ಮಾನಿಗೆ ಬಂತು. ಅಲ್ಲಿನ ಪತ್ರಿಕೆಗಳಲ್ಲಿ ಯಾವ ದೇಶವೂ ಬರಿಯ ದೇಶವಲ್ಲ, ಎಲ್ಲವೂ ಸೋದರ ದೇಶ. ಇಪ್ಪತ್ತಕ್ಕೂ ಹೆಚ್ಚು ಸೋದರರು ಬಂದಿಳಿದರು. ಅವರಲ್ಲಿ ಇಬ್ಬರು ಒಬ್ಬರ ವಿಮಾನವನ್ನು ಇನ್ನೊಬ್ಬರ ಆಕಾಶದಲ್ಲಿ ಹಾರಲು ಬಿಡದವರು. ಮೂವರು ಒಂದೇ ಸೂರಿನಡಿ ಕೂತು ಉಣ್ಣದವರು. ಹೀಗಾಗಿ ಊಟದ ಮನೆಗಳನ್ನು ಮೂರು ಮಾಡಬೇಕಾಯಿತು. ಉದ್ಘಾಟನೆಯ ಭಾಷಣದಲ್ಲಿ ಅದಕ್ಕೆ ಧಾರಾಳ ಆತಿಥ್ಯ ಎಂದು ಹೆಸರು ಬಂತು. ಶಾಂತಿಯ ಗುರುತಿಗೆಂದು ನೂರಾರು ಪಾರಿವಾಳ ಹಾರಿಸಿದರು. ಅವು ಕ್ರೀಡಾಂಗಣದ ಮೇಲೆ ಒಂದು ಸುತ್ತು ಹಾಕಿ, ಬಾಡಿಗೆಗೆ ಕೊಟ್ಟ ಮಾಲೀಕರ ಮಾಳಿಗೆಗಳಿಗೆ ವಾಪಸಾದವು. ಶಾಂತಿಗೂ ಸಂಜೆಯೊಳಗೆ ಮನೆ ಸೇರುವ ಅಭ್ಯಾಸವಿರುವುದು ಒಳ್ಳೆಯದೇ.

ಸಮಿತಿಯವರು ಉದ್ದ ಜಿಗಿತದ ಹಲಗೆಗೆ ವಸ್ಫಿ ಮೇಷ್ಟ್ರನ್ನು ಕರೆದರು. ನಿವೃತ್ತರಾಗಿ ಎರಡು ವರ್ಷವಾಗಿತ್ತು. ಬಿಳಿ ಅಂಗಿ, ಬೂದು ಬಣ್ಣದ ಟೋಪಿ, ಎದೆಗೊಂದು ಗುರುತಿನ ಚೀಟಿ ಕೊಟ್ಟರು. ಚೀಟಿಯಲ್ಲಿ ಅವರ ಹೆಸರಿನ ಕೆಳಗೆ ಬೇರೆ ಯಾರದೋ ಚಿತ್ರವಿತ್ತು. ಮೇಷ್ಟ್ರು ತಿದ್ದಿಸಲು ಮೂರು ಸಲ ಹೋದರು, ಕಡೆಗೆ ಕಾವಲಿನವನೇ, "ಬನ್ನಿ ಮೇಷ್ಟ್ರೇ, ಚಿತ್ರದವನಿಗಿಂತ ನೀವೇ ಚೆನ್ನಾಗಿದ್ದೀರಿ," ಎಂದು ಒಳಗೆ ಬಿಟ್ಟ.

ಅಂತಿಮ ಸುತ್ತಿನ ದಿನ ಊರಿಗೆ ಊರೇ ಅಲ್ಲಿತ್ತು. ಯಾಕೆಂದರೆ ಹಾರುವವರಲ್ಲಿ ಒಬ್ಬ ಲೈತ್, ಸಾಲ್ತಿನ ಮೇಲಿನ ಕೇರಿಯ ಕುಲದವನು, ಇಪ್ಪತ್ತಮೂರರ ಹರೆಯ, ಜಿಂಕೆಯ ಕಾಲು. ಐದು ಜಿಗಿತ ಮುಗಿದಾಗ ನಾಲ್ಕನೆಯವನಾಗಿದ್ದ. ಆರನೆಯದು ಕೊನೆಯದು. ಅವನು ಓಡಿ ಬಂದ, ಹಲಗೆ ತುಳಿದ, ಹಾರಿದ. ಅವನಿನ್ನೂ ಗಾಳಿಯಲ್ಲಿದ್ದಾಗಲೇ ಜನ ಎದ್ದು ನಿಂತಿದ್ದರು. ಮರಳಿನಲ್ಲಿ ಇಳಿದಾಗ ಕ್ರೀಡಾಂಗಣ ಅದುರಿತು.

ಮೇಷ್ಟ್ರು ಕುರ್ಚಿಯಿಂದ ಎದ್ದು ಬಗ್ಗಿ ನೋಡಿದರು. ಮೇಣದಲ್ಲಿ ಉಗುರಿನ ಅರ್ಧದಷ್ಟು ಒಂದು ಗುರುತು. ಕಣ್ಣಿಲ್ಲದವನು ಬೆರಳು ಸವರಿದರೂ ಸಿಗುವಷ್ಟು ಸ್ಪಷ್ಟವಾಗಿತ್ತು. ಅವರು ಕೆಂಪು ಬಾವುಟ ಎತ್ತಿದರು.

ಆಮೇಲೆ ನಡೆದದ್ದನ್ನು ಸಮಿತಿಯ ವರದಿಯಲ್ಲಿ 'ಪ್ರೇಕ್ಷಕರ ಉತ್ಸಾಹ' ಎಂದು ಬರೆದಿದ್ದಾರೆ. ಉತ್ಸಾಹದಲ್ಲಿ ಬಂದ ನೀರಿನ ಸೀಸೆಗಳಲ್ಲಿ ಎರಡು ಮೇಷ್ಟ್ರ ಬೆನ್ನಿಗೆ ಬಿದ್ದವು. ಗಲಾಟೆ ತಣಿಯಲಿ ಎಂದು ಆ ಜಿಗಿತವನ್ನು ಆಕ್ಷೇಪಣೆಯಡಿಯಲ್ಲಿ ಅಳೆದಿಟ್ಟರು. ಎಲ್ಲರಿಗಿಂತ ಮುಂದಿದ್ದ ಸೋದರ ದೇಶದವನಿಗಿಂತ ನಾಲ್ಕು ಸೆಂಟಿಮೀಟರ್ ಹೆಚ್ಚು. ಅಂದರೆ ಬಾವುಟ ಬಿಳಿಯಾದರೆ ಚಿನ್ನ, ಕೆಂಪಾದರೆ ನಾಲ್ಕನೇ ಸ್ಥಾನ.

ಸಾಕ್ಷಿಗೆಂದು ಮೇಣದ ಪಟ್ಟಿಯನ್ನು ಬಿಚ್ಚಿ ಸಮಿತಿಯ ಡಾಕ್ಟರ್ ಜವ್ದತ್ ಅವರ ಕೈಗೆ ಕೊಡಲಾಯಿತು. ಇವರು ರೋಗ ನೋಡುವ ಡಾಕ್ಟರಲ್ಲ, ಕ್ರೀಡಾ ಆಡಳಿತದಲ್ಲಿ ದೊಡ್ಡ ಪದವಿ ಪಡೆದವರು. ಅಮೂಲ್ಯ ವಸ್ತುವೆಂದು ಬೇರೆ ಯಾರಿಗೂ ಕೊಡದೆ ತಮ್ಮ ಕಾರಿನ ಮುಂಗಾಜಿನ ಕೆಳಗೆ ಇಟ್ಟು, ಬೀಗ ಹಾಕಿ, ಊಟಕ್ಕೆ ಹೋದರು. ಆಗಸ್ಟ್ ತಿಂಗಳ ಅಮ್ಮಾನಿನ ಬಿಸಿಲು ಒಂದು ಗಂಟೆಯಲ್ಲಿ ಆ ಮೇಣವನ್ನು ಎಷ್ಟು ನಯ ಮಾಡಿತೆಂದರೆ ಅದರಲ್ಲಿ ಅರಬ್ ಏಕತೆಯ ಹಾಗೆ ಒಂದೇ ಒಂದು ಗೀರು ಕಾಣುತ್ತಿರಲಿಲ್ಲ.

ಉಳಿದದ್ದು ಮೇಷ್ಟ್ರ ಮಾತು ಮಾತ್ರ. ಪದಕ ಕೊಡುವುದನ್ನು ಎರಡು ದಿನ ಮುಂದೂಡಿದರು. ಡಾಕ್ಟರ್ ಜವ್ದತ್ ಮೇಷ್ಟ್ರನ್ನು ಪಕ್ಕಕ್ಕೆ ಕರೆದು ಹೆಗಲ ಮೇಲೆ ಕೈ ಹಾಕಿದರು.

"ನೋಡಿ ಮೇಷ್ಟ್ರೇ, ನಿಮ್ಮನ್ನ ಯಾರೂ ಸುಳ್ಳು ಹೇಳಿ ಅಂತಿಲ್ಲ. ಒಂದು ಸಾಲು ಬರ್ಕೊಡಿ ಸಾಕು. 'ಬಿಸಿಲು ಕಣ್ಣಿಗೆ ಹೊಡೀತಿತ್ತು, ಸರಿಯಾಗಿ ಕಾಣ್ಲಿಲ್ಲ' ಅಂತ."

"ಬಿಸಿಲು ನನ್ನ ಬೆನ್ನಿಗಿತ್ತು ಡಾಕ್ಟ್ರೇ."

"ಬಿಸಿಲು ಎಲ್ಲಿತ್ತು ಅಂತ ಸಮಿತಿ ವಿಚಾರಣೆ ಮಾಡಲ್ಲ ಬಿಡಿ."

"ಕಂಡಿದ್ದನ್ನ ಕಾಣ್ಲಿಲ್ಲ ಅಂತ ಹೇಗೆ ಬರೀಲಿ?"

"ಯೋಚ್ನೆ ಮಾಡಿ," ಎಂದರು ಡಾಕ್ಟರು, "ನಾಳೆ ಸಂಜೆವರೆಗೂ ಟೈಮಿದೆ." ಯೋಚಿಸುವುದಕ್ಕೆ ಟೈಮ್ ಕೊಡುವುದು ಅವರ ಕಚೇರಿಯಲ್ಲಿ ಆಜ್ಞೆ ಕೊಡುವ ಕ್ರಮ.

ಮರುದಿನ ಬೆಳಿಗ್ಗೆ ರೊಟ್ಟಿ ತರಲು ಹೋದ ಮೇಷ್ಟ್ರಿಗೆ ತಾವು ರಾತ್ರೋರಾತ್ರಿ ಪ್ರಸಿದ್ಧರಾಗಿರುವುದು ಗೊತ್ತಾಯಿತು. ಜಿಗಿತವೂ ಬೆಳೆದಿತ್ತು. ಕಟುಕನ ಅಂಗಡಿಯ ಮುಂದೆ ಅದು ಎಂಟು ಮೀಟರ್, ರೊಟ್ಟಿ ಭಟ್ಟಿಯ ಹತ್ತಿರ ಬರುವಷ್ಟರಲ್ಲಿ ಎಂಟೂವರೆ.

"ಬನ್ನಿ ಮೇಷ್ಟ್ರೇ," ಎಂದ ಭಟ್ಟಿಯವನು, "ಹೊಸಿಲು ಹುಷಾರು, ತುಳಿದುಬಿಟ್ಟೀರಿ."

ಸಾಲಿನಲ್ಲಿದ್ದ ಇನ್ನೊಬ್ಬ ಹೇಳಿದ, "ಇವ್ರು ಅಪ್ಪನ ಹೆಬ್ಬೆಟ್ಟು ಕಂಡ್ರೂ ಬಾವುಟ ಎತ್ತೋರು. ಸ್ವಂತ ಮಗನ್ನೇ ಬಿಡ್ಲಿಲ್ಲ, ಇನ್ನು ದೇಶವನ್ನ ಬಿಡ್ತಾರಾ?"

ಮೇಷ್ಟ್ರು ತಮ್ಮ ಸರದಿ ಬರುವವರೆಗೆ ನಿಂತು, ಹತ್ತು ರೊಟ್ಟಿ ತೆಗೆದುಕೊಂಡು, ಸಲಾಂ ಹೇಳಿ ಬಂದರು. ಹಿಂದಿನಿಂದ ಯಾರೋ, ಸಾಲು ತಪ್ಪಿಸದೆ ನಿಂತಿದ್ದನ್ನೂ ಒಂದು ಅಹಂಕಾರವೆಂದು ವರ್ಣಿಸಿದರು.

ಮನೆಯಲ್ಲಿ ಚಿಕ್ಕಪ್ಪನ ಮಗ ಸುಬ್ಹಿ ಕಾದು ಕೂತಿದ್ದ. ಪುರಸಭೆಯಲ್ಲಿ ಗುಮಾಸ್ತನಾಗಿದ್ದವನು. ಜನರ ನಡುವೆ ರಾಜಿ ಮಾಡಿಸುವುದು ಅವನ ಚಟ. ಜಗಳವೇ ಇಲ್ಲದ ಕಡೆಯೂ ರಾಜಿ ಮಾಡಿಸಿ, ಅದರಿಂದ ಎರಡು ಜಗಳ ಹುಟ್ಟಿಸಿದ ಕೀರ್ತಿ ಅವನಿಗಿತ್ತು.

"ಸಂಜೆ ಅಸರ್ ನಮಾಜು ಆದ್ಮೇಲೆ ಜಾಹಾ ಬರ್ತಿದೆ," ಎಂದ.

ಮೇಷ್ಟ್ರು ರೊಟ್ಟಿಯ ಚೀಲ ಕೆಳಗಿಟ್ಟರು. ಜಾಹಾ ಎಂದರೆ ಹಿರಿಯರ ನಿಯೋಗ. ಹೆಣ್ಣು ಕೇಳಲು, ಕೊಲೆಗೆ ಕ್ಷಮೆ ಕೇಳಲು, ಕಾರು ಗುದ್ದಿದವನ ಪರವಾಗಿ ಬೇಡಿಕೊಳ್ಳಲು ಅರವತ್ತು ಎಪ್ಪತ್ತು ಗಂಡಸರು ಜರಿಯಂಚಿನ ನಿಲುವಂಗಿ ಹೊದ್ದು ಮನೆಗೆ ಬರುತ್ತಾರೆ. ಮನೆಯವರು ಹಿರಿಯನಿಗೆ ಕಹಿ ಕಾಫಿಯ ಬಟ್ಟಲು ಕೊಡುತ್ತಾರೆ. ಅವನು ಅದನ್ನು ಕುಡಿಯದೆ ಮುಂದಿಟ್ಟು ತನ್ನ ಬೇಡಿಕೆ ಹೇಳುತ್ತಾನೆ. ಮನೆಯ ಯಜಮಾನ, "ಕಾಫಿ ಕುಡೀರಿ, ಕೇಳಿದ್ದು ಸಿಕ್ಕಿತು," ಎಂದರೆ ಮುಗಿಯಿತು. ಅನ್ನದಿದ್ದರೆ ಬಟ್ಟಲು ತಣ್ಣಗಾಗುತ್ತದೆ, ಬಂದವರು ಎದ್ದು ಹೋಗುತ್ತಾರೆ. ಆಮೇಲೆ ಆ ಮನೆಯ ಹೆಣ್ಣಿಗೆ ಗಂಡು, ಗಂಡಿಗೆ ಹೆಣ್ಣು, ಸತ್ತರೆ ಹೊರಲು ಹೆಗಲು, ಎಲ್ಲಕ್ಕೂ ಊರು ಯೋಚಿಸತೊಡಗುತ್ತದೆ.

"ಉದ್ದ ಜಿಗಿತಕ್ಕೆ ಜಾಹಾನಾ?" ಎಂದರು ಮೇಷ್ಟ್ರು.

"ಮರ್ಯಾದೆ ವಿಷ್ಯಕ್ಕೆ. ಮೇಲಿನ ಕೇರಿಯೋರು ಶೇಖ್ ಫಲಾಹ್‌ನ ಮುಂದಿಟ್ಕೊಂಡು ಬರ್ತಿದ್ದಾರೆ. ನಾನೂರು ಮನೇಲಿ ಕೇಳಿದ ಮನುಷ್ಯ, ಒಂದ್ಸಲವೂ ತಣ್ಣಗಿನ ಬಟ್ಟಲು ಬಿಟ್ಟು ಎದ್ದು ಬಂದವನಲ್ಲ. ನೀನು 'ಕುಡೀರಿ' ಅನ್ನು, ಡಾಕ್ಟ್ರು ಕೇಳಿದ ಚೀಟಿ ಬರ್ದು ರುಜು ಹಾಕು, ಮುಗೀತು."

"ಆಗಲ್ಲ ಸುಬ್ಹಿ. ಬರ್ಬೇಡಿ ಅಂತ ಹೇಳಿಬಿಡು."

"ಜಾಹಾನ ಬರ್ಬೇಡಿ ಅನ್ನೋಕಾಗುತ್ತಾ? ನಮ್ಮ ಕುಲದಲ್ಲಿ ಯಾರ ಮನೇಲೂ ಬಟ್ಟಲು ತಣ್ಣಗಾಗಿಲ್ಲ ಕಣೋ. ನಮ್ಮ ಅಜ್ಜ ಮನೆಯವನ ರಕ್ತ ಬಿದ್ದಿದ್ದನ್ನೇ ಕ್ಷಮಿಸಿ ಬಿಟ್ಕೊಟ್ಟ. ನೀನು ಅರ್ಧ ಉಗುರು ಬಿಡಲ್ವಾ?"

"ರಕ್ತ ಅಜ್ಜಂದಾಗಿತ್ತು, ಬಿಟ್ಟ. ಈ ಚಿನ್ನ ನನ್ನದಾ, ಬಿಡೋಕೆ? ಇನ್ಯಾರೋ ಹಾರಿ ಗೆದ್ದಿದ್ದು ಅದು."

ಸುಬ್ಹಿ ಅವರನ್ನು ಕರುಣೆಯಿಂದ ನೋಡಿದ. ಹೊರಗೆ ಹೋಗಿ ಮೇಲಿನ ಕೇರಿಯವರಿಗೆ, ಎಲ್ಲ ಒಪ್ಪಿಗೆಯಾಗಿದೆ, ನಿಶ್ಚಿಂತೆಯಿಂದ ಬನ್ನಿ ಎಂದು ಹೇಳಿದ. ಅದು ಸುಳ್ಳೆಂದು ಅವನಿಗೆ ಅನ್ನಿಸಲಿಲ್ಲ. ಅರವತ್ತು ಜನರ ಮುಂದೆ ಯಾವನಾದರೂ ಇಲ್ಲ ಎನ್ನುವುದುಂಟೆ?

ಮೇಷ್ಟ್ರು ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತರು. ನಜಾ ಆಗಲೇ ಕಾಫಿಬೀಜ ಹುರಿಯಲು ಶುರುಮಾಡಿದ್ದಳು. ಸುಬ್ಹಿಯ ಪಿಸುಮಾತು ಮೂರು ಮನೆ ಆಚೆಗೂ ಕೇಳಿಸುವಂಥದ್ದು.

"ಬೆರಳು ಮುಂದಿತ್ತಾ?" ಎಂದು ಕೇಳಿದಳು.

"ಇತ್ತು."

"ನಿಜವಾಗ್ಲೂ?"

"ನಜಾ, ನಾನು—"

"ಆಯ್ತು, ಇತ್ತು. ಹಾಗಾದ್ರೆ ಏಲಕ್ಕಿ ತಂದ್ಕೊಡಿ, ಇರೋದು ಸಾಲಲ್ಲ. ಅವ್ರು ಕುಡಿಯೋದೂ ಬಿಡೋದೂ ಅವ್ರಿಗೆ ಬಿಟ್ಟಿದ್ದು. ಬಂದೋರಿಗೆ ಕೆಟ್ಟ ಕಾಫಿ ಕೊಟ್ವಿ ಅಂತ ಮಾತ್ರ ಆಗ್ಬಾರ್ದು." ಸ್ವಲ್ಪ ಹೊತ್ತು ಬೀಜ ಕೆದಕಿ, ತಲೆಯೆತ್ತದೆ ಹೇಳಿದಳು, "ಸಣ್ಣೋನಿಗೆ ಇನ್ನೂ ಹೆಣ್ಣು ನೋಡ್ಬೇಕು. ಅದೊಂದು ನೆನಪಿರ್ಲಿ. ಏನು ಮಾಡಿ ಅಂತ ಹೇಳ್ತಿಲ್ಲ. ನೆನಪಿರ್ಲಿ ಅಂದೆ."

ಮೇಷ್ಟ್ರು ಏಲಕ್ಕಿ ತರಲು ಹೋದರು. ಮಧ್ಯಾಹ್ನದ ನಮಾಜಿನಲ್ಲಿ ಅವರು ಎಂದಿಗಿಂತ ಹೆಚ್ಚು ಹೊತ್ತು ಹಣೆ ನೆಲಕ್ಕೆ ಹಚ್ಚಿಕೊಂಡಿದ್ದರು. ಏನು ಕೇಳಿಕೊಂಡರೋ ಕೇಳಿಸಿಕೊಂಡವನಿಗೆ ಗೊತ್ತು. ಎದ್ದಾಗ ಮುಖದಲ್ಲಿ ನೆಮ್ಮದಿಯೇನೂ ಇರಲಿಲ್ಲ.

ಅಸರ್ ಮುಗಿಯುತ್ತಲೇ ಹದಿನೇಳು ಕಾರುಗಳು ಕೆಳಗಿನ ರಸ್ತೆಯಲ್ಲಿ ನಿಂತವು. ಅರವತ್ತು ಗಂಡಸರು ಮೆಟ್ಟಿಲು ಹತ್ತಿ ಬಂದರು. ಅರ್ಧದಷ್ಟು ಮಂದಿಗೆ ಉಸಿರು ಸಿಗದೆ, ಮಾತು ಹೊರಡುವ ಮೊದಲೇ ಮುಖದಲ್ಲಿ ಶೋಕದ ಕಳೆ ಬಂದಿತ್ತು. ಪಡಸಾಲೆ ತುಂಬಿ, ಅಂಗಳ ತುಂಬಿ, ಪಕ್ಕದ ಮನೆಯ ಕುರ್ಚಿಗಳೂ ಬಂದವು. ಮುಂದೆ ಶೇಖ್ ಫಲಾಹ್, ಎಂಬತ್ತರ ಹತ್ತಿರದ ಮುದುಕ, ಬಿಳಿಯ ಗಡ್ಡ, ಕಂಚಿನ ಕಂಠ. ಅದು ಮದುವೆಯ ಕಾಲವಾದ್ದರಿಂದ ಆ ವಾರವೊಂದರಲ್ಲೇ ಐದು ಮನೆಗಳಿಗೆ ಹೆಣ್ಣು ಕೇಳಲು ಹೋಗಿ ಬಂದಿದ್ದರು. ಎಲ್ಲ ಒಪ್ಪಿಗೆಯಾಗಿದೆಯೆಂದು ಸುಬ್ಹಿ ಹೇಳಿದ್ದರಿಂದ ಬರುವ ದಾರಿಯಲ್ಲಿ ಕಾರಿನಲ್ಲಿ ಒಂದು ಸಣ್ಣ ನಿದ್ದೆಯನ್ನೂ ತೆಗೆದಿದ್ದರು. ಲೈತ್ ಬಾಗಿಲ ಹತ್ತಿರ ತಲೆ ತಗ್ಗಿಸಿ ಕೂತ.

ಗಾಲಿಬ್ ಬಟ್ಟಲಿಗೆ ಕಾಫಿ ಬಗ್ಗಿಸಿ ಬಲಗೈಯಲ್ಲಿ ಶೇಖರಿಗೆ ಕೊಟ್ಟ. ಶೇಖರು ತೆಗೆದುಕೊಂಡು, ಕುಡಿಯದೆ, ಮುಂದಿನ ಮಣೆಯ ಮೇಲಿಟ್ಟರು. ಪಡಸಾಲೆ ಸುಮ್ಮನಾಯಿತು. ಒಳಬಾಗಿಲ ಪರದೆಯ ಹಿಂದೆ ಹೆಂಗಸರೂ ಸುಮ್ಮನಾದರು, ಅದು ಇನ್ನೂ ಅಪರೂಪ.

ಶೇಖ್ ಫಲಾಹ್ ಅಲ್ಲಾಹನ ಹೆಸರು ಹೇಳಿ ಆರಂಭಿಸಿದರು. ಮೇಷ್ಟ್ರ ಅಜ್ಜನನ್ನು ಹೊಗಳಿದರು, ಮುತ್ತಜ್ಜನ ಕುದುರೆಯನ್ನು ಹೊಗಳಿದರು. ಎರಡು ಕುಲಗಳ ನೆರೆಹೊರೆಯನ್ನು, ಒಂದೇ ಬುಗ್ಗೆಯ ನೀರು ಕುಡಿದದ್ದನ್ನು ನೆನೆದರು. ಆಮೇಲೆ ಲೈತ್‌ನ ಕಡೆ ಕೈ ತೋರಿದರು.

"ನಮ್ಮ ಹುಡುಗನನ್ನ ನೀವು ಬಲ್ಲಿರಿ. ಕೈ ಶುದ್ಧ, ನಡತೆ ಶುದ್ಧ, ದುಡಿಯೋ ಮೈ. ಸಿಗರೇಟು ಮುಟ್ಟಿದವನಲ್ಲ..."

ಇಲ್ಲಿಯವರೆಗೂ ಸರಿಯಿತ್ತು. ಆದರೆ ಇಷ್ಟು ಹೇಳಿದ ಮೇಲೆ ಶೇಖರ ನಾಲಿಗೆ ನಲವತ್ತು ವರ್ಷಗಳಿಂದ ಒಂದೇ ಕಡೆ ಹೋಗಿ ರೂಢಿ. ಮನೆಯ ದಾರಿ ಕಂಡ ಹೇಸರಗತ್ತೆಯ ಹಾಗೆ ಅದು ತಾನೇ ತಿರುಗಿಕೊಂಡಿತು.

"...ಅಂಥ ನಮ್ಮ ಮಗ ಲೈತ್‌ಗೆ, ಅಲ್ಲಾಹ ಮತ್ತು ಅವನ ಪ್ರವಾದಿಯ ಕ್ರಮದಂತೆ, ಕುಲವಂತೆ, ಗುಣವಂತೆ ನಿಮ್ಮ ಮಗಳನ್ನ ಕೇಳಿ ಬಂದಿದ್ದೀವಿ. ಕೊಡ್ತೀವಿ ಅನ್ನಿ, ನಿಮ್ಮ ಕಾಫಿ ಕುಡೀತೀವಿ."

ಹೇಳಿ ಮುಗಿಸಿ, ಗಡ್ಡ ನೀವಿಕೊಂಡು ತೃಪ್ತಿಯಿಂದ ಸುತ್ತ ನೋಡಿದರು.

ಮೇಷ್ಟ್ರಿಗೆ ಮೂವರು ಗಂಡುಮಕ್ಕಳು, ಹೆಣ್ಣು ಸಂತಾನವೇ ಇಲ್ಲ. ಲೈತ್‌ಗೆ ಮೂರು ತಿಂಗಳ ಹಿಂದೆಯೇ ನಿಶ್ಚಿತಾರ್ಥವಾಗಿತ್ತು. ಅದಕ್ಕೂ ಇದೇ ಶೇಖರೇ ಹೋಗಿದ್ದರು. ಅವನ ಮಾವನಾಗಲಿರುವವನು ಮೂರನೇ ಸಾಲಿನಲ್ಲೇ ಕೂತಿದ್ದ. ಅವನ ಕೈಯಲ್ಲಿ ತಿರುಗುತ್ತಿದ್ದ ಜಪಮಣಿ ನಿಂತುಬಿಟ್ಟಿತು. ಪರದೆಯ ಹಿಂದೆ ಯಾರೋ ನಗು ತಡೆಯಲು ಹೋಗಿ ಕೆಮ್ಮಿದರು.

ಶೇಖರ ತಮ್ಮನ ಮಗ ಬಗ್ಗಿ ಅವರ ಕಿವಿಯಲ್ಲಿ ಏನೋ ಹೇಳಿದ. ಮುದುಕನ ಮುಖ ಮೊದಲು ಬಿಳುಪಾಯಿತು, ಆಮೇಲೆ ಕಿವಿಯಿಂದ ಶುರುವಾಗಿ ಕೆಂಪೇರಿತು.

ಸುಬ್ಹಿಗೆ ಅಷ್ಟರಲ್ಲಿ ಜ್ಞಾನೋದಯವಾಗಿತ್ತು. ಅವನು ಮೇಷ್ಟ್ರ ತೋಳು ಹಿಡಿದು ಪಿಸುಗುಟ್ಟಿದ, "ಕುಡೀರಿ ಅನ್ನು. ಬೇಗ ಅನ್ನು. ನಿನ್ನ ಹತ್ರ ಇಲ್ದೇ ಇರೋದನ್ನ ಕೇಳಿದ್ದಾನೆ, ಕೊಟ್ಟೆ ಅನ್ನು. ಕುಡಿದ್ಮೇಲೆ ಇನ್ನೊಂದು ಕೇಳೋ ಹಾಗಿಲ್ಲ. ನಿನ್ನ ಬಾವುಟನೂ ಉಳೀತು, ಮಾನನೂ ಉಳೀತು."

ಅವನ ಪಿಸುಮಾತಾದ್ದರಿಂದ ಅರವತ್ತು ಜನಕ್ಕೂ ಕೇಳಿಸಿತು. ಅನೇಕರು ಹೌದೆಂಬಂತೆ ತಲೆಯಾಡಿಸಿದರು ಕೂಡ. ಬಾಗಿಲು ತಾನಾಗಿ ತೆರೆದಿತ್ತು. ಮೇಷ್ಟ್ರು ಒಂದು ಶಬ್ದ ಆಡಿದರೆ ಸಾಕಿತ್ತು. ಬೇರೆ ಯಾವ ಮನುಷ್ಯನಾದರೂ ಇದನ್ನು ಅಲ್ಲಾಹನ ಕೃಪೆಯೆಂದು ತಿಳಿದು ಎರಡೂ ಕೈಯಲ್ಲಿ ಬಾಚಿಕೊಳ್ಳುತ್ತಿದ್ದ. ವಸ್ಫಿ ಮೇಷ್ಟ್ರಿಗೆ ಕಂಡದ್ದೇ ಬೇರೆ. ತಪ್ಪಿ ಆಡಿದ ಮಾತಿನ ಮೇಲೆ ಮುದುಕನಿಗೆ ಕಾಫಿ ಕುಡಿಸಿ ಕಳಿಸುವುದೂ ಗೆರೆ ತುಳಿದು ಹಾರಿದ ಹಾಗೇ. ಇಂಥವರಿಗೆ ಮಾರ್ಗ ತೋರಿಸುವುದು ದೇವರಿಗೂ ಶ್ರಮದ ಕೆಲಸವಿರಬೇಕು.

ಅವರು ಎದ್ದು ನಿಂತರು.

"ಶೇಖ್, ನೀವು ನನ್ನ ಮನೇಲಿ ಹೆಣ್ಣು ಕೇಳಿದ್ದು ನನ್ನ ತಲೆ ಮೇಲಿನ ಕಿರೀಟ. ನನಗೊಬ್ಬ ಮಗಳಿದ್ದಿದ್ರೆ ಈ ಬಟ್ಟಲು ಇಷ್ಟು ಹೊತ್ತು ಕಾಯ್ತಿರ್ಲಿಲ್ಲ, ಕೊಟ್ಟುಬಿಡ್ತಿದ್ದೆ. ಆದ್ರೆ ನೀವು ಬಂದಿರೋದು ಬೇರೆ ಕೆಲ್ಸಕ್ಕೆ, ಅದು ನಿಮಗೂ ಗೊತ್ತು ನನಗೂ ಗೊತ್ತು. ಬಾಯ್ತಪ್ಪಿ ಬಂದ ಮಾತಿಗೆ ಕಾಫಿ ಕುಡಿಸಿ ಕಳಿಸಲಾರೆ. ಹುಡುಗನ ಬೆರಳು ಮುಂದಿತ್ತು. ಕಾಣ್ಲಿಲ್ಲ ಅಂತ ನಾನು ಬರೆಯಲ್ಲ. ಬಟ್ಟಲು ಹಾಗೇ ಬಿಟ್ಟು ಹೋಗೋದಾದ್ರೆ ಹೋಗಿ, ಅವಮಾನ ನನಗಿರ್ಲಿ. ಸುಬ್ಹಿ ನಿಮಗೇನು ಹೇಳಿದ್ನೋ ನನಗೆ ಗೊತ್ತಿಲ್ಲ. ನಾನು ಬೆಳಿಗ್ಗೇನೇ ಅವ್ನಿಗೆ ಆಗಲ್ಲ ಅಂದಿದ್ದೆ."

ಸುಬ್ಹಿ ತನ್ನ ಬೂಟುಗಳನ್ನು ಎಲ್ಲಿ ಬಿಟ್ಟಿದ್ದೇನೆಂದು ಕಣ್ಣಲ್ಲೇ ಹುಡುಕಲಾರಂಭಿಸಿದ.

ಶೇಖ್ ಫಲಾಹ್ ಬಟ್ಟಲನ್ನು ನೋಡಿದರು. ಕಾಫಿಯ ಮೇಲಿನ ಹಬೆ ನಿಂತುಹೋಗಿತ್ತು. ನಾನೂರು ಮನೆ, ಒಂದೂ ತಣ್ಣಗಿನ ಬಟ್ಟಲಿಲ್ಲ. ಆಮೇಲೆ ತಲೆಯೆತ್ತಿ ಬಾಗಿಲ ಕಡೆ ನೋಡಿ, "ಲೈತ್, ಇಲ್ಲಿ ಬಾ," ಎಂದರು.

ಹುಡುಗ ಬಂದು ನಿಂತ.

"ನಿನ್ನ ಕಾಲು ಎಲ್ಲಿತ್ತು?"

ಲೈತ್ ನೆಲ ನೋಡಿದ. "ಬೂಟಿಗೆ ಮೇಣ ಅಂಟಿತ್ತು ಅಜ್ಜ. ಮನೆಗೆ ಬಂದು ಕಡ್ಡೀಲಿ ಕೆರೆದು ತೆಗೆದೆ."

"ನಿನ್ನೆಯಿಂದ ಯಾಕೆ ಬಾಯಿ ಬಿಡ್ಲಿಲ್ಲ?"

"ಯಾರೂ ಕೇಳ್ಲಿಲ್ಲ."

ಅದು ನಿಜವಾಗಿತ್ತು. ಸಮಿತಿ ಕೇಳಿರಲಿಲ್ಲ, ಪತ್ರಿಕೆಯವರು ಕೇಳಿರಲಿಲ್ಲ. ಹದಿನೇಳು ಕಾರು ಬಾಡಿಗೆಗೆ ಹಿಡಿದ ಚಿಕ್ಕಪ್ಪ ದೊಡ್ಡಪ್ಪಂದಿರಿಗಂತೂ ಅದು ತಲೆಗೇ ಹೊಳೆದಿರಲಿಲ್ಲ. ಅವನ ಜಿಗಿತಕ್ಕೂ ಅವನಿಗೂ ಏನು ಸಂಬಂಧ?

ಶೇಖರು ಹುಡುಗನಿಗೆ ಕೂರಲು ಕೈ ಮಾಡಿದರು. ನಿಲುವಂಗಿಯನ್ನು ಹೆಗಲ ಮೇಲೆ ಸರಿ ಮಾಡಿಕೊಂಡರು. ಕಂಠ ಮತ್ತೆ ಮೊದಲಿನ ಕಂಚಿಗೆ ಬಂತು.

"ಜಮಾತಿನವರೇ ಕೇಳಿ. ನಾನು ಈ ಮನೇಲಿ ಹೆಣ್ಣು ಕೇಳ್ದೆ. ಎಲ್ರಿಗೂ ಕೇಳಿಸ್ತಲ್ಲ? ಗಾಲಿಬನ ಅಪ್ಪ, ನಮ್ಮ ಅಬು ಗಾಲಿಬ್, ಏನಂದ್ರು? ಇದ್ದಿದ್ರೆ ಕೊಡ್ತಿದ್ದೆ ಅಂದ್ರು. ಅಂದ್ಮೇಲೆ ನಾನು ಕೇಳಿದ್ದು ಸಿಕ್ಕಿದ ಹಾಗೆ. ಬಾವುಟದ ಮಾತೆತ್ತಿದ್ದು ಅವರು, ನಾನಲ್ಲ. ನಾನು ಕೇಳದೇ ಇರೋದನ್ನ ಅವರು ಕೊಡ್ಲಿಲ್ಲ ಅಂತ ಎದ್ದು ಹೋಗೋಕೆ ನನಗೇನು ಅರಳುಮರಳಾ?"

ಅರಳುಮರಳಿನ ವಿಷಯದಲ್ಲಿ ಆ ಹೊತ್ತಿಗೆ ಪಡಸಾಲೆಯಲ್ಲಿ ಎರಡು ಅಭಿಪ್ರಾಯಗಳಿದ್ದವು. ಲೈತ್‌ನ ದೊಡ್ಡಪ್ಪ ಸಂಕಟದಿಂದ, "ಆದ್ರೆ ಶೇಖ್, ಚಿನ್ನ—" ಎಂದ.

"ಚಿನ್ನ ಹುಡುಗನ ಮದುವೇಲಿ ಹಾಕು. ಎಷ್ಟು ತೂಕ ಬೇಕೋ ಅಷ್ಟು ಹಾಕು. ಗಾಲಿಬ್, ಇದು ತಣ್ಣಗಾಗಿದೆ ಮಗಾ, ಬಿಸೀದು ಬಗ್ಗಿಸು."

ಗಾಲಿಬ್ ಅಪ್ಪನ ಮುಖ ನೋಡಿದ. ಮೇಷ್ಟ್ರು ಇನ್ನೂ ನಿಂತೇ ಇದ್ದರು. ಇದು ಸರಿಯೋ ತಪ್ಪೋ ಎಂದು ಅಳೆಯುತ್ತಿದ್ದರೋ ಏನೋ. ಮುದುಕ ಎಲ್ಲ ತಿಳಿದೇ ಕುಡಿಯುತ್ತಿದ್ದಾನೆ, ಮೋಸವಿಲ್ಲ. ಅವರ ಬಾಯಿಂದ ಮಾತು ಹೊರಡುವುದು ತಡವಾದಾಗ ಪರದೆಯ ಹಿಂದಿನಿಂದ ನಜಾಳ ದನಿ ಬಂತು, ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವ ಹಾಗೆ: "ಅಬು ಗಾಲಿಬ್, ಅತಿಥಿಗಳು ಕಾಯ್ತಿದ್ದಾರೆ."

"ಕಾಫಿ ಕುಡೀರಿ," ಎಂದರು ವಸ್ಫಿ ಮೇಷ್ಟ್ರು.

ಶೇಖರು ಕುಡಿದರು. ಅರವತ್ತು ಜನ ಕುಡಿದರು. ಏಲಕ್ಕಿ ಹದವಾಗಿತ್ತೆಂದು ಎಲ್ಲರೂ ಒಪ್ಪಿದರು. ಆ ಸಂಜೆ ಎಲ್ಲರೂ ಒಪ್ಪಿದ ವಿಷಯ ಅದೊಂದೇ.

ಮರುದಿನ ಸಂಜೆ ಸೋದರ ದೇಶದ ರಾಷ್ಟ್ರಗೀತೆ ನುಡಿಸಿ, ಅದರ ಹುಡುಗನ ಕೊರಳಿಗೆ ಚಿನ್ನ ಹಾಕಿದರು. ಪತ್ರಿಕೆಗಳು ಇದನ್ನು ಆತಿಥೇಯರ ಔದಾರ್ಯವೆಂದು ಬರೆದವು. ಅಳತೆಯೆಂದು ಯಾರೂ ಬರೆಯಲಿಲ್ಲ. ಡಾಕ್ಟರ್ ಜವ್ದತ್ ದೂರವಾಣಿ ಮಾಡಿ, ನೀವು ದಣಿದಿದ್ದೀರಿ ಮೇಷ್ಟ್ರೇ, ಉಳಿದ ನಾಲ್ಕು ದಿನ ವಿಶ್ರಾಂತಿ ತೆಗೆದುಕೊಳ್ಳಿ ಎಂದರು. ನನಗೇನೂ ದಣಿವಿಲ್ಲ ಎಂದರು ಮೇಷ್ಟ್ರು. ಹಾಗಾದರೆ ನಿಮ್ಮ ಅನುಭವದ ಉಪಯೋಗ ಬೇರೆ ಕಡೆ ಪಡೆಯುತ್ತೇವೆ ಎಂದು ಅವರನ್ನು ಮೂರನೇ ದ್ವಾರದಲ್ಲಿ ನೀರಿನ ಸೀಸೆ ಹಂಚಲು ಹಾಕಿದರು. ಮೇಷ್ಟ್ರು ನಾಲ್ಕೂ ದಿನ ಹೋದರು. ಒಬ್ಬರಿಗೆ ಒಂದೇ ಸೀಸೆ ಎಂಬ ನಿಯಮವನ್ನು ಒಬ್ಬ ಮಂತ್ರಿಯ ಅಳಿಯನ ಮೇಲೂ ಪ್ರಯೋಗಿಸಿದ್ದರಿಂದ ಐದನೇ ದಿನವಿದ್ದರೆ ಏನಾಗುತ್ತಿತ್ತೋ ಹೇಳಲಾಗದು. ಆಮೇಲೆ ಯಾವ ಕ್ರೀಡಾಕೂಟಕ್ಕೂ ಅವರಿಗೆ ಕರೆ ಬರಲಿಲ್ಲ.

ಆದರೆ ಊರಿನಲ್ಲಿ ಬೇರೊಂದು ತೊಡಕು ಹುಟ್ಟಿತು. ಅರವತ್ತು ಸಾಕ್ಷಿಗಳ ಮುಂದೆ ಹೆಣ್ಣು ಕೇಳಿ, ಕೊಡುತ್ತಿದ್ದೆ ಎನಿಸಿಕೊಂಡು, ಕಾಫಿ ಕುಡಿದಾಗಿದೆ. ಮಗಳಿಲ್ಲದಿರುವುದು ಅಲ್ಲಾಹನ ಇಚ್ಛೆ. ಅದಕ್ಕಾಗಿ ಸಂಬಂಧ ಸುಳ್ಳಾಗುತ್ತದೆಯೇ? ಮೇಲಿನ ಕೇರಿಯ ಹಿರಿಯರು ಯೋಚಿಸಿ, ಆಗುವುದಿಲ್ಲವೆಂದು ತೀರ್ಮಾನಿಸಿದರು. ಭಟ್ಟಿಯಲ್ಲಿ ಆ ಕುಲದವನೊಬ್ಬ, "ನೀವು ಮುಂದೆ ಬನ್ನಿ ಬೀಗರೇ," ಎಂದು ಮೇಷ್ಟ್ರಿಗೆ ಸಾಲು ಬಿಟ್ಟುಕೊಟ್ಟ. ಮೇಷ್ಟ್ರು ಒಪ್ಪದೆ ಸಾಲಿನ ಕೊನೆಗೇ ಹೋಗಿ ನಿಂತರು. ಅದನ್ನೂ ಈಗ ಬೀಗರ ಬಿಗುಮಾನವೆಂದು ಮೆಚ್ಚಿಕೊಂಡರು.

ಶುಕ್ರವಾರ ಲೈತ್‌ನ ತಾಯಿ ಎರಡು ಕೈಯಗಲದ ತಟ್ಟೆಯಲ್ಲಿ ಗಿಣ್ಣಿನ ಸಿಹಿ ಕಳಿಸಿದಳು, ಮೇಲೆ ಪಿಸ್ತಾ ಪುಡಿ, ಬಿಸಿ ಪಾಕ. ನಿಶ್ಚಯವಾದ ಮನೆಗಳ ನಡುವೆ ಮಾತ್ರ ಹೀಗೆ ತಟ್ಟೆ ಓಡಾಡುವುದು. ಮೇಷ್ಟ್ರು ಅದರ ಮುಂದೆ ಕೂತರು.

"ಇದು ನಮಗೆ ಸಲ್ಲಲ್ಲ ನಜಾ. ನಾವು ಅವ್ರಿಗೆ ಏನೂ ಆಗ್ಬೇಕಾಗಿಲ್ಲ. ವಾಪಸ್ ಕಳಿಸ್ಬೇಕೇನೋ."

ನಜಾ ಆಗಲೇ ಎರಡು ತುಂಡು ಬೇರೆ ತಟ್ಟೆಗೆ ಹಾಕಿದ್ದಳು. ಒಂದನ್ನು ಗಂಡನ ಮುಂದೆ ಸರಿಸಿದಳು.

"ಮೇಲಿನ ಕೇರೀಲಿ ಸಣ್ಣೋನಿಗೆ ಒಂದು ಹೆಣ್ಣಿದೆ ಅಂತ ಅವ್ಳು ಹೇಳಿ ಕಳಿಸಿದ್ದಾಳೆ. ಲೈತ್‌ಗೆ ಚಿಕ್ಕಮ್ಮನ ಮಗಳಂತೆ, ಶಾಲೆ ಟೀಚರ್. ಬಿಸಿ ಇರುವಾಗ್ಲೇ ತಿನ್ನಿ."

"ಹುಡುಗಿ ಹೇಗಂತೆ?"

"ತುಂಬ ನಿಯತ್ತಿನೋಳಂತೆ. ಪರೀಕ್ಷೇಲಿ ಸ್ವಂತ ತಮ್ಮನ್ನೇ ಫೇಲ್ ಮಾಡಿದಾಳಂತೆ."

ಮೇಷ್ಟ್ರ ಮುಖ ಅರಳಿತು. ತುಂಡು ಮುರಿದು ಬಾಯಿಗಿಟ್ಟುಕೊಂಡರು. ನಜಾ ಕಿಟಕಿಯಾಚೆಯ ಮೆಟ್ಟಿಲುಗಳ ಕಡೆ ನೋಡಿ, ಇಂಥವರು ಒಬ್ಬರಿದ್ದದ್ದು ಇಬ್ಬರಾದರೆ ಮನೆಯಲ್ಲಿ ತನ್ನ ಗತಿಯೇನೆಂದು ಒಂದು ಕ್ಷಣ ಯೋಚಿಸಿದಳು. ಆಮೇಲೆ ಅಲ್ಲಾಹನ ಹೆಸರು ಹೇಳಿ ತಾನೂ ತಿನ್ನತೊಡಗಿದಳು.